ಮನೆಯ ಈಜುಕೊಳದ ಕರೆಂಟ್ ಖರ್ಚು ಇಳಿಸುವುದು ಹೇಗೆ: ಬಳ್ಳಾರಿ ಬಿಸಿಲಿಗೂ ಧೂಳಿಗೂ ಹೊಂದುವ ಸಮಗ್ರ ಮಾರ್ಗದರ್ಶಿ

ಒಂದೂವರೆ ಎಚ್‌ಪಿ ಪಂಪು ದಿನಕ್ಕೆ ಹತ್ತು ಗಂಟೆ ಓಡಿದರೆ 15 ಯೂನಿಟ್. ತಿಂಗಳಿಗೆ 450 ಯೂನಿಟ್. ಮನೆಯ ಫ್ರಿಜ್, ಫ್ಯಾನ್, ದೀಪ ಎಲ್ಲ ಕೂಡಿದರೂ ಅಷ್ಟಾಗದ ಮನೆಗಳು ಬೇಕಾದಷ್ಟಿವೆ. ಹೀಗಿದ್ದೂ ಕೊಳ ಕಟ್ಟಿಸಿಕೊಟ್ಟವರು ಹೋಗುವಾಗ ಹೇಳುವುದು ಒಂದೇ ಮಾತು: "ಬೆಳಗ್ಗೆ ಐದು ತಾಸು, ಸಂಜೆ ಐದು ತಾಸು ಹಾಕಿಬಿಡಿ." ಆ ಹತ್ತು ತಾಸು ಯಾವ ಲೆಕ್ಕದಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನೀರು ಹಸಿರಾಗಿ ದೂರು ಬರಬಾರದು ಎಂಬುದಷ್ಟೇ ಅದರ ಹಿಂದಿನ ಲೆಕ್ಕ.

ಇಲ್ಲಿ ಉದಾಹರಣೆಗೆ 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್ ಆಳದ ಕೊಳ ತೆಗೆದುಕೊಂಡಿದ್ದೇವೆ. ಒಂದೂವರೆ ಎಚ್‌ಪಿ ಪಂಪು, 600 ಮಿಮೀ ವ್ಯಾಸದ ಮರಳು ಫಿಲ್ಟರ್. ಯೂನಿಟ್‌ಗೆ ತೆರಿಗೆ ಸೇರಿ 7 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ. ನಿಮ್ಮ ಜೆಸ್ಕಾಂ ಬಿಲ್ಲಿನಲ್ಲಿ ಇರುವ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಮೊದಲು ಅಳತೆ, ಆಮೇಲೆ ಖರೀದಿ

ಮೂರು ಸಂಖ್ಯೆ ಬೇಕು: ಕೊಳದಲ್ಲಿ ನೀರೆಷ್ಟು, ಪಂಪು ತಾಸಿಗೆ ತಿನ್ನುವ ಕರೆಂಟ್ ಎಷ್ಟು, ತಾಸಿಗೆ ಸುತ್ತಿಸುವ ನೀರೆಷ್ಟು. ಮೂರಕ್ಕೂ ಹೊಸ ಉಪಕರಣ ಬೇಡ.

ನೀರಿನ ಪ್ರಮಾಣ ಸುಲಭ. ಉದ್ದ, ಅಗಲ, ಸರಾಸರಿ ಆಳ ಗುಣಿಸಿ: 8 × 4 × 1.4 = 44.8. ಅಂದರೆ 45 ಘನ ಮೀಟರ್, 45 ಸಾವಿರ ಲೀಟರ್.

ಕರೆಂಟ್ ಅಳೆಯಲು ಮನೆಯ ಮೀಟರೇ ಸಾಕು. ಡಿಜಿಟಲ್ ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಮುದ್ರಿಸಿರುತ್ತಾರೆ. 1600 ಅಥವಾ 3200 ಸಾಮಾನ್ಯ. ಪಂಪು ಬಿಟ್ಟು ಮಿಕ್ಕ ಎಲ್ಲ ಎಂಸಿಬಿ ಇಳಿಸಿ, ಪಂಪು ಹಾಕಿ ಐದು ನಿಮಿಷ ಬಿಡಿ, ಆಮೇಲೆ ಫೋನಿನ ಗಡಿಯಾರ ಹಿಡಿದು ಎರಡು ನಿಮಿಷದ ಮಿನುಗು ಎಣಿಸಿ. ಬಂದದ್ದನ್ನು 30ರಿಂದ ಗುಣಿಸಿ, ಮೀಟರಿನ ಸಂಖ್ಯೆಯಿಂದ ಭಾಗಿಸಿ. 3200ರ ಮೀಟರಿನಲ್ಲಿ 160 ಮಿನುಗು ಬಂದರೆ 160 × 30 ÷ 3200 = 1.5 ಕಿಲೋವ್ಯಾಟ್. ಮೋಟರಿನ ಮೇಲೆ 1.1 ಕಿಲೋವ್ಯಾಟ್ ಎಂದು ಬರೆದಿದ್ದರೆ ಗಾಬರಿ ಬೇಡ. ಅದು ಶಾಫ್ಟಿನಲ್ಲಿ ಸಿಗುವ ಶಕ್ತಿ. ಮೀಟರಿಗೆ ಕಾಣುವುದು ಮೋಟರ್ ಒಳಗೆ ಎಳೆದುಕೊಳ್ಳುವ ಶಕ್ತಿ, ಮತ್ತು ನೀವು ದುಡ್ಡು ಕಟ್ಟುವುದು ಅದಕ್ಕೆ. 1.5 ಎಚ್‌ಪಿ ಮೋಟರು 1.8 ದಾಟಿ ಎಳೆಯುತ್ತಿದ್ದರೆ ಮಾತ್ರ ಬೇರಿಂಗ್, ಕೆಪಾಸಿಟರ್, ಹಳೆಯ ರಿವೈಂಡಿಂಗ್ ಮೂರನ್ನೂ ಅನುಮಾನಿಸಿ.

ನೀರಿನ ಹರಿವನ್ನು ಬ್ಯಾಕ್‌ವಾಶ್ ಹೊತ್ತಿನಲ್ಲೇ ಅಳೆಯಬಹುದು. ಬ್ಯಾಕ್‌ವಾಶ್ ಅಂದರೆ ಫಿಲ್ಟರಿನೊಳಗೆ ನೀರನ್ನು ಉಲ್ಟಾ ಹರಿಸಿ ಕೊಳೆ ಹೊರಹಾಕುವುದು; ಆ ನೀರು ಹೇಗೂ ಹೊರಹೋಗುವಂಥದ್ದು. ಸ್ಟೀಲ್ ಸ್ಕೇಲನ್ನು ಕೊಳದ ಒಳಬದಿಯ ಟೈಲ್ಸಿಗೆ, ಅರ್ಧ ನೀರಲ್ಲಿ ಮುಳುಗುವಂತೆ, ನೆಟ್ಟಗೆ ಅಂಟಿಸಿ. ಗಾಳಿ ಇಲ್ಲದ ಮುಂಜಾನೆ ಒಳ್ಳೆಯದು, ಅಲೆ ಇದ್ದರೆ ಓದು ತಪ್ಪುತ್ತದೆ. ಒಮ್ಮೆ ಮಾಮೂಲಿ ಬ್ಯಾಕ್‌ವಾಶ್ ಮುಗಿಸಿ, ನೋಟದ ಗಾಜಿನಲ್ಲಿ ನೀರು ತಿಳಿಯಾದ ಮೇಲೆ, ಮತ್ತೆ ಸರಿಯಾಗಿ ಮೂರು ನಿಮಿಷ ಓಡಿಸಿ ಮಟ್ಟ ಎಷ್ಟು ಇಳಿಯಿತು ನೋಡಿ. ನಮ್ಮ ಕೊಳದ ಮೇಲ್ಮೈ 32 ಚದರ ಮೀಟರ್, ಹಾಗಾಗಿ ಒಂದು ಸೆಂಟಿಮೀಟರ್ ಅಂದರೆ 320 ಲೀಟರ್. 2.5 ಸೆಂಟಿಮೀಟರ್ ಇಳಿದರೆ 800 ಲೀಟರ್, ತಾಸಿಗೆ 16 ಸಾವಿರ ಲೀಟರ್.

ಈಗ 1.5 ಅನ್ನು 16ರಿಂದ ಭಾಗಿಸಿ: ಸಾವಿರ ಲೀಟರಿಗೆ 0.094 ಯೂನಿಟ್. ಈ ಒಂದು ಸಂಖ್ಯೆಯನ್ನು ಪಂಪ್ ಕೋಣೆಯ ಗೋಡೆಯ ಮೇಲೆ ಬರೆದಿಡಿ. ಮುಂದೆ ಮಾಡುವ ಪ್ರತಿ ಕೆಲಸವನ್ನೂ ಇದರಿಂದಲೇ ಅಳೆಯಬೇಕು. ಯಾಕೆಂದರೆ ಮೀಟರ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಫಿಲ್ಟರ್ ಕಟ್ಟಿಕೊಂಡಾಗ ಪಂಪು ಕರೆಂಟ್ ಜಾಸ್ತಿ ತಿನ್ನುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಈ ಬಗೆಯ ಪಂಪಿನಲ್ಲಿ ನೀರು ಕಡಿಮೆ ಹರಿದಾಗ ಕರೆಂಟೂ ತುಸು ಇಳಿಯುತ್ತದೆ. ಆದರೆ ನೀರು ಅದಕ್ಕಿಂತ ಹೆಚ್ಚು ಇಳಿದಿರುತ್ತದೆ, ಕೊಳ ಮಂಕಾಗುತ್ತದೆ, ನೀವು ಇನ್ನೆರಡು ತಾಸು ಜಾಸ್ತಿ ಓಡಿಸುತ್ತೀರಿ.

ಪುಕ್ಕಟೆ ಉಳಿತಾಯ: ತಾಸು ಕಡಿತ

ಕೊಳದಷ್ಟು ನೀರು ಒಮ್ಮೆ ಫಿಲ್ಟರಿನ ಮೂಲಕ ಹಾದುಬಂದರೆ ಒಂದು ಸುತ್ತು. ಮನೆಯವರಷ್ಟೇ ಇಳಿಯುವ ಕೊಳಕ್ಕೆ ದಿನಕ್ಕೆ ಒಂದೂವರೆ ಸುತ್ತು ಸಾಕು. ಒಂದೂವರೆ ಸುತ್ತು ಅಂದರೆ 67 ಸಾವಿರ ಲೀಟರ್. 16ರಿಂದ ಭಾಗಿಸಿದರೆ ನಾಲ್ಕೂಕಾಲು ತಾಸು. ಶಿವರಾತ್ರಿ ಕಳೆದು ಮೃಗಶಿರ ಮಳೆ ಬೀಳುವವರೆಗೆ, ಮಕ್ಕಳು ರಜೆಯಲ್ಲಿ ದಿನವಿಡೀ ನೀರಲ್ಲೇ ಇರುವಾಗ, ಎರಡು ಸುತ್ತು: ಐದೂವರೆ ತಾಸು. ಹತ್ತು ತಾಸು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಒಂದೇ ಏಟಿಗೆ ಅರ್ಧ ಮಾಡಬೇಡಿ. ವಾರಕ್ಕೆ ಎರಡು ತಾಸಿನಂತೆ ಇಳಿಸಿ. ದಿನಾ ಬೆಳಗ್ಗೆ ಎರಡು ಪರೀಕ್ಷೆ: ಆಳದ ತುದಿಯಲ್ಲಿ ತಳದ ಜಾಲರಿಯ ಗೆರೆ ಗೆರೆ ಕಾಣಬೇಕು, ಕಿಟ್‌ನಲ್ಲಿ ಕ್ಲೋರಿನ್ 2ರಿಂದ 3 ಪಿಪಿಎಂ ಇರಬೇಕು. ಜಾಲರಿ ಮಸುಕಾದರೆ ಅರ್ಧ ತಾಸು ವಾಪಸ್ ಕೊಡಿ. ಕ್ಲೋರಿನ್ ಕಡಿಮೆಯಾಗಿದ್ದರೆ ತಾಸು ಹೆಚ್ಚಿಸುವುದು ಮದ್ದಲ್ಲ, ಕ್ಲೋರಿನ್ ಹಾಕುವುದೇ ಮದ್ದು. ಈ ಎರಡನ್ನು ಗೊಂದಲ ಮಾಡಿಕೊಂಡೇ ಅರ್ಧ ಬಿಲ್ಲು ಬರುವುದು.

ಹತ್ತು ತಾಸು ನಾಲ್ಕೂಕಾಲಿಗೆ ಬಂದರೆ ದಿನಕ್ಕೆ 15 ಯೂನಿಟ್ ಹೋಗಿ 6.3 ಆಗುತ್ತದೆ. ತಿಂಗಳಿಗೆ 3,150 ರೂಪಾಯಿ ಇದ್ದದ್ದು 1,320ರ ಆಸುಪಾಸಿಗೆ ಇಳಿಯುತ್ತದೆ. ಒಂದು ಪೈಸೆ ಬಂಡವಾಳ ಇಲ್ಲ. ಹೊಸ ಪಂಪು ಮಾರಲು ಬಂದವರು ಈ ಮಾತು ಎತ್ತುವುದಿಲ್ಲ. ಹತ್ತು ತಾಸಿನ ಬಿಲ್ಲನ್ನೇ ಎದುರಿಗಿಟ್ಟು ಉಳಿತಾಯ ತೋರಿಸುತ್ತಾರೆ.

ಟೈಮರ್ ಬಗ್ಗೆ ಒಂದು ಮಾತು. ಬ್ಯಾಟರಿ ಇಲ್ಲದ, ಹಲ್ಲು ಹಲ್ಲಿನ ಚಕ್ರದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ದಿನಕ್ಕೆ ಒಂದು ತಾಸು ಹೋದರೂ ವಾರದಲ್ಲಿ ಏಳು ತಾಸು ಹಿಂದೆ ಬೀಳುತ್ತದೆ, ಮಧ್ಯಾಹ್ನ ಓಡಬೇಕಾದ ಪಂಪು ರಾತ್ರಿ ಓಡುತ್ತಿರುತ್ತದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಮೋಟರಿನ ಭಾರವನ್ನು ನೇರ ಟೈಮರಿನ ಮೇಲೆ ಹಾಕಬೇಡಿ, ಒಂದೆರಡು ತಿಂಗಳಲ್ಲಿ ಅದರ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತದೆ. ಟೈಮರ್ ಕಾಂಟ್ಯಾಕ್ಟರನ್ನು (ಮೋಟರಿನ ಭಾರ ಹೊರುವ ವಿದ್ಯುತ್ ಸ್ವಿಚ್) ಎತ್ತಲಿ, ಕಾಂಟ್ಯಾಕ್ಟರ್ ಮೋಟರನ್ನು ಎತ್ತಲಿ.

ನೀರಿನ ದಾರಿಯಲ್ಲಿ ಇರುವ ಕಲ್ಲುಮುಳ್ಳು

ಪಂಪಿನ ಮುಂದಿನ ಬುಟ್ಟಿಯಿಂದ ಶುರುಮಾಡಿ. ಬೇವಿನ ಎಲೆ ಸಣ್ಣದು, ಬುಟ್ಟಿಯ ತೂತಿಗೆ ಒಂದರ ಮೇಲೊಂದು ಕೂತು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಆಷಾಢದ ಗಾಳಿಯಲ್ಲಿ ದಿನಾ, ಮಿಕ್ಕ ದಿನ ವಾರಕ್ಕೆರಡು ಸಲ ಬುಟ್ಟಿ ತೆಗೆದು ಬಡಿದು ತೊಳೆಯಿರಿ. ಮುಚ್ಚಳದ ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಮಾತ್ರ. ವ್ಯಾಸಲಿನ್ ಅಥವಾ ಗಾಡಿಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ, ಈ ಬಿಸಿಲಿಗೆ ಬಿರುಕು ಬಿಡುತ್ತದೆ. ಬುಟ್ಟಿಯ ಪಾರದರ್ಶಕ ಮುಚ್ಚಳದ ಕೆಳಗೆ ಗುಳ್ಳೆ ನಿರಂತರ ಓಡುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ ಎಂದರ್ಥ. ಪಂಪು ಓಡುವಾಗಲೇ ಮುಚ್ಚಳದ ಅಂಚು, ಯೂನಿಯನ್, ವಾಲ್ವಿನ ಕಾಂಡ, ಒಂದೊಂದರ ಮೇಲೂ ಮಗ್ಗಿನಿಂದ ನೀರು ಸುರಿದು ನೋಡಿ; ಎಲ್ಲಿ ಸುರಿದಾಗ ಗುಳ್ಳೆ ನಿಲ್ಲುತ್ತದೋ ಅಲ್ಲೇ ತೂತು. ಎಲ್ಲೂ ನಿಲ್ಲದಿದ್ದರೆ ಕೊಳದ ಮಟ್ಟ ನೋಡಿ. ಇಲ್ಲಿನ ಬೇಸಿಗೆಯಲ್ಲಿ ದಿನಕ್ಕೆ 8 ಮಿಮೀ ಆವಿಯಾದರೂ 250 ಲೀಟರ್ ಹೋಯಿತು. ಹತ್ತು ದಿನ ನೀರು ತುಂಬಿಸದಿದ್ದರೆ ಸ್ಕಿಮ್ಮರ್ (ಮೇಲ್ಮೈ ನೀರನ್ನು ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿ ಗಾಳಿ ಕುಡಿಯಲು ಶುರು. ಮಟ್ಟ ಯಾವಾಗಲೂ ಸ್ಕಿಮ್ಮರ್ ಬಾಯಿಯ ನಡುವಿಗೆ ಇರಲಿ.

ಪೈಪು. ಕೊಳ ಕಟ್ಟುವಾಗ ಉಳಿಸಲು ಹೋಗಿ 50 ಮಿಮೀ ಯುಪಿವಿಸಿ ಹಾಕಿದ ಮನೆಗಳಲ್ಲಿ ತಾಸಿಗೆ 16 ಸಾವಿರ ಲೀಟರ್ ಹರಿಯಬೇಕಾದರೆ ನೀರು ಸೆಕೆಂಡಿಗೆ ಮೂರು ಮೀಟರಿನ ಹತ್ತಿರ ಓಡುತ್ತದೆ. 63 ಮಿಮೀ ಪೈಪಿನಲ್ಲಿ ಅದೇ ನೀರು ಎರಡು ಮೀಟರಿಗೂ ಕಡಿಮೆ ವೇಗದಲ್ಲಿ ಹೋಗುತ್ತದೆ, ಘರ್ಷಣೆ ಮೂರನೇ ಒಂದಕ್ಕಿಂತ ಕೆಳಗಿಳಿಯುತ್ತದೆ. ನೆಲದಡಿ ಹೂತದ್ದನ್ನು ಅಗೆಯಿರಿ ಎನ್ನುವುದಿಲ್ಲ. ಪಂಪ್ ಕೋಣೆಯೊಳಗೆ ಕಣ್ಣಿಗೆ ಕಾಣುವ ಪೈಪುಗಳಲ್ಲೇ ಆರೇಳು ಎಲ್ಬೋ ಸಾಲಾಗಿ ಇರುತ್ತವೆ. ಅವನ್ನು ಮೂರಕ್ಕೆ ಇಳಿಸಿ, ಎಲ್ಬೋ ಬದಲು ಉದ್ದ ಬಾಗಿನ ಬೆಂಡ್ ಹಾಕಿಸಿ, ಅಷ್ಟು ಭಾಗವನ್ನಾದರೂ 63ಕ್ಕೆ ಏರಿಸಿ. ಅರ್ಧ ದಿನದ ಪ್ಲಂಬರ್ ಕೆಲಸ. ಪಂಪಿನ ಬಾಯಿಗೇ ಎಲ್ಬೋ ತಾಗಿಸಬಾರದು. ಕನಿಷ್ಠ ಒಂದಡಿ ನೆಟ್ಟಗಿನ ಪೈಪು ಇರಲಿ, ಇಲ್ಲದಿದ್ದರೆ ನೀರು ತಿರುಚಿಕೊಂಡು ಪಂಪಿನೊಳಗೆ ತಿರುಗುವ ಚಕ್ರಕ್ಕೆ (ಇಂಪೆಲ್ಲರ್) ಬಡಿಯುತ್ತದೆ.

ಫಿಲ್ಟರಿನ ಮರಳು 0.5ರಿಂದ 0.8 ಮಿಮೀ ಕಾಳಿನ ಸಿಲಿಕಾ. ತುಂಗಭದ್ರೆಯ ಮರಳು ಜರಡಿ ಹಿಡಿದು ತುಂಬಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದರಲ್ಲಿ ಸಣ್ಣದು ದೊಡ್ಡದು ಬೆರೆತಿರುತ್ತದೆ, ಸಣ್ಣ ಕಾಳು ದೊಡ್ಡದರ ಸಂದಿಗೆ ಕೂತು ನೀರಿನ ದಾರಿ ಮುಚ್ಚುತ್ತದೆ. ನಮ್ಮ ಕಡೆ ಬೋರಿನ ನೀರು ಗಡಸು, ಹಾಗಾಗಿ ಪಿ.ಎಚ್. 7.8 ದಾಟಿ ವಾರಗಟ್ಟಲೆ ಉಳಿದರೆ ಸುಣ್ಣ ಮರಳಿಗೆ ಅಂಟಿ ಗಾರೆಯಂತೆ ಗಟ್ಟಿಯಾಗುತ್ತದೆ. ಮೇಲಿನ ಮುಚ್ಚಳ ತೆಗೆದು ಕೈ ಹಾಕಿ ನೋಡಿ: ಮರಳು ಬೆರಳ ಸಂದಿಯಿಂದ ಸೋರಿ ಬೀಳಬೇಕು. ಬೆಲ್ಲದ ಅಚ್ಚಿನಂತೆ ಗಡ್ಡೆ ಬಂದರೆ ಬ್ಯಾಕ್‌ವಾಶ್‌ನಿಂದ ಅದು ಒಡೆಯದು, ಮರಳೇ ಬದಲಾಗಬೇಕು. ನೀರು ಗಡ್ಡೆಗಳ ಪಕ್ಕದಲ್ಲಿ ಕಾಲುವೆ ಮಾಡಿಕೊಂಡು ಸೋಸದೆಯೇ ಕೆಳಗಿಳಿಯುತ್ತಿರುತ್ತದೆ, ಎಷ್ಟು ತಾಸು ಓಡಿಸಿದರೂ ಕೊಳ ತಿಳಿಯಾಗುವುದಿಲ್ಲ.

ಬ್ಯಾಕ್‌ವಾಶ್‌ಗೆ ವಾರ ಲೆಕ್ಕ ಬೇಡ, ಪ್ರೆಶರ್ ಗೇಜ್ ನೋಡಿ. ಶುಚಿ ಫಿಲ್ಟರಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಅದಕ್ಕಿಂತ 0.4 ಕೆಜಿ ಏರಿದಾಗ ಬ್ಯಾಕ್‌ವಾಶ್, ಎರಡರಿಂದ ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ ರಿನ್ಸ್. ಮಲ್ಟಿಪೋರ್ಟ್ (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ಹಿಡಿಯನ್ನು ತಿರುಗಿಸುವಾಗ ಪ್ರತಿ ಸಲವೂ ಪಂಪು ನಿಂತಿರಬೇಕು. ಓಡುವಾಗ ತಿರುಗಿಸಿದರೆ ಒಳಗಿನ ನಕ್ಷತ್ರಾಕಾರದ ಗ್ಯಾಸ್ಕೆಟ್ ಮಡಚಿಕೊಂಡು, ನೀರು ಕಳ್ಳದಾರಿಯಲ್ಲಿ ವೇಸ್ಟ್ ಪೈಪಿಗೆ ಸೋರುತ್ತದೆ.

ವೇಗ ಇಳಿಸುವುದು: ದೊಡ್ಡ ಆಟ ಇರುವುದು ಇಲ್ಲಿ

ಪಂಪಿನ ವೇಗ ಅರ್ಧಕ್ಕೆ ಇಳಿದರೆ ನೀರು ಅರ್ಧವಾಗುತ್ತದೆ, ಒತ್ತಡ ಕಾಲು ಭಾಗಕ್ಕೆ ಬರುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಇದು ಪುಸ್ತಕದ ಲೆಕ್ಕ. ಮೋಟರಿನ, ವೇಗ ಬದಲಿಸುವ ಡ್ರೈವಿನ ನಷ್ಟ ಕಳೆದ ಮೇಲೆ ನಮ್ಮ 1.5 ಕಿಲೋವ್ಯಾಟ್ ಪಂಪು ಅರ್ಧ ವೇಗದಲ್ಲಿ ಸುಮಾರು 0.3 ಕಿಲೋವ್ಯಾಟ್ ಎಳೆಯುತ್ತದೆ, ತಾಸಿಗೆ 8 ಸಾವಿರ ಲೀಟರ್ ಸುತ್ತಿಸುತ್ತದೆ. ಸಾವಿರ ಲೀಟರಿಗೆ 0.094 ಇದ್ದದ್ದು 0.038 ಆಯಿತು. ಇನ್ನೂ ಒಂದು ಲಾಭ: 600 ಮಿಮೀ ಫಿಲ್ಟರಿಗೆ ತಾಸಿಗೆ 16 ಸಾವಿರ ಲೀಟರ್ ಸ್ವಲ್ಪ ಜಾಸ್ತಿಯೇ. ಅರ್ಧ ವೇಗದಲ್ಲಿ ನೀರು ಮರಳಿನೊಳಗೆ ನಿಧಾನ ಇಳಿಯುವುದರಿಂದ ಸಣ್ಣ ಧೂಳೂ ಸಿಕ್ಕಿಬೀಳುತ್ತದೆ.

ಹಾಗಾಗಿ ಗುರಿ ಹೀಗಿರಲಿ: ದಿನಕ್ಕೆ ಒಂದು ತಾಸು ಪೂರ್ತಿ ವೇಗ, ಎಂಟು ತಾಸು ಅರ್ಧ ವೇಗ. ಒಟ್ಟು 80 ಸಾವಿರ ಲೀಟರ್, 3.9 ಯೂನಿಟ್. ಅಷ್ಟೇ ನೀರನ್ನು ಪೂರ್ತಿ ವೇಗದಲ್ಲೇ ಸುತ್ತಿಸಿದ್ದರೆ 7.5 ಯೂನಿಟ್.

ದಾರಿ ಎರಡಿವೆ. ವೇಗ ಬದಲಿಸುವ ಪಂಪನ್ನೇ ಹೊಸದಾಗಿ ತರುವುದು ಒಂದು. ಇರುವ ಪಂಪಿಗೆ ವಿಎಫ್‌ಡಿ ಎಂಬ ವೇಗ ಬದಲಿಸುವ ಡ್ರೈವ್ ಕೂರಿಸುವುದು ಇನ್ನೊಂದು. ದಿನಕ್ಕೆ 3.6 ಯೂನಿಟ್ ಉಳಿದರೆ ತಿಂಗಳಿಗೆ 750 ರೂಪಾಯಿ ಚಿಲ್ಲರೆ. ಅಂಗಡಿಯವರು 60 ಸಾವಿರ ಎಂದರೆ ಆರೂವರೆ ವರ್ಷ ಕಾಯಬೇಕು. 12 ಸಾವಿರದಲ್ಲಿ ವಿಎಫ್‌ಡಿ ಕೆಲಸ ಮುಗಿದರೆ ಒಂದೂಕಾಲು ವರ್ಷ ದಾಟಿದೊಡನೆ ದುಡ್ಡು ವಾಪಸ್. ಈಗಿನ ಪಂಪು ಚೆನ್ನಾಗಿದ್ದರೆ ನಮ್ಮ ಮತ ವಿಎಫ್‌ಡಿಗೆ.

ಆದರೆ ಒಂದು ಷರತ್ತು. ಮೋಟರಿನ ಬೆನ್ನ ಮೇಲೆ ಗೂನಿನಂತೆ ಕೆಪಾಸಿಟರ್ ಡಬ್ಬಿ ಇದೆಯೇ? ಇದ್ದರೆ ಅದು ಸಿಂಗಲ್ ಫೇಸ್ ಮೋಟರ್, ಅದಕ್ಕೆ ವಿಎಫ್‌ಡಿ ಹಾಕಬೇಡಿ. ವೇಗ ಇಳಿದಾಗ ಕೆಪಾಸಿಟರ್‌ನ ಲೆಕ್ಕ ತಪ್ಪುತ್ತದೆ; ಕೆಲವು ಮೋಟರುಗಳಲ್ಲಿ ಒಳಗಿನ ಸ್ವಿಚ್ ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟೇಹೋಗುತ್ತದೆ. ಪಂಪಿನ ಮುಂಭಾಗ ಹಾಗೇ ಉಳಿಸಿ ಹಿಂದಿನ ಮೋಟರನ್ನು ಮಾತ್ರ ತ್ರೀ ಫೇಸ್‌ಗೆ ಬದಲಿಸಬಹುದು. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೂ ಅಡ್ಡಿಯಿಲ್ಲ: ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು 230 ವೋಲ್ಟಿನ ತ್ರೀ ಫೇಸ್ ಹೊರಗೆ ಕೊಡುವ ವಿಎಫ್‌ಡಿ ಸಿಗುತ್ತದೆ. ಮೋಟರಿನ ಹೆಸರು ಫಲಕದಲ್ಲಿ ಡೆಲ್ಟಾ 230, ಸ್ಟಾರ್ 415 ಎಂದು ಎರಡೂ ಇರಬೇಕು, ಟರ್ಮಿನಲ್ ಡಬ್ಬಿಯಲ್ಲಿ ಆರು ತುದಿ ಇರಬೇಕು. ಮೂರೇ ತುದಿ ಇದ್ದರೆ ಡೆಲ್ಟಾ ಮಾಡಲು ಬರುವುದಿಲ್ಲ. ಸ್ಟಾರ್‌ನಲ್ಲೇ ಬಿಟ್ಟು ಓಡಿಸಿದರೆ ಮೋಟರು ಪೂರ್ತಿ ವೇಗಕ್ಕೆ ಏರಲು ತಿಣುಕಿ ಬಿಸಿಯಾಗುತ್ತದೆ. ಅಂಗಡಿಯಲ್ಲೇ ಮುಚ್ಚಳ ಬಿಚ್ಚಿಸಿ ನೋಡಿಕೊಂಡು ತನ್ನಿ.

ವಿಎಫ್‌ಡಿ ಆರಿಸುವಾಗ ಊರಿನ ಬಿಸಿಲು ನೆನಪಿರಲಿ. ಬಹುತೇಕ ಡ್ರೈವ್‌ಗಳ ಸಾಮರ್ಥ್ಯ ಲೆಕ್ಕ ಹಾಕಿರುವುದು 40 ಡಿಗ್ರಿಯ ಗಾಳಿಗೆ. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ನೆರಳೇ 42 ಇರುತ್ತದೆ, ತಗಡಿನ ಪಂಪ್ ಕೋಣೆಯೊಳಗೆ ಕೇಳುವುದೇ ಬೇಡ. 1.1 ಕಿಲೋವ್ಯಾಟ್ ಮೋಟರಿಗೆ 1.5 ಸಾಲದು ಎಂದಲ್ಲ, 2.2 ಹಾಕಿದರೆ ಮೇ ತಿಂಗಳಲ್ಲಿ ಟ್ರಿಪ್ ಆಗುವುದಿಲ್ಲ. ಧೂಳು ಇನ್ನೊಂದು ಶತ್ರು. ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತಲಿನ ಧೂಳಿನಲ್ಲಿ ಲೋಹದ ಅಂಶ ಇರುತ್ತದೆ. ಅದು ತೆರೆದ ಬೋರ್ಡಿನ ಮೇಲೆ ಕೂತು, ಮೊದಲ ಮಳೆಯ ತೇವ ಸೇರಿದರೆ ಶಾರ್ಟ್ ಆಗಿ ಹೊಗೆ. ಡ್ರೈವನ್ನು ರಬ್ಬರ್ ಅಂಚಿನ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಪೆಟ್ಟಿಗೆ ದೊಡ್ಡದಿರಲಿ, ಉತ್ತರದ ಗೋಡೆಗೆ ಇರಲಿ. ಕ್ಲೋರಿನ್ ಡಬ್ಬಿಗಳನ್ನು ಅದೇ ಕೋಣೆಯಲ್ಲಿ ಇಡಲೇಬೇಡಿ, ಆ ಆವಿಗೆ ತಾಮ್ರದ ತುದಿಗಳೆಲ್ಲ ಹಸಿರಾಗುತ್ತವೆ.

ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನದೇ. ಆದರೆ ಸೆಟ್ಟಿಂಗ್ ಏನೇನು ಎಂದು ನಿಮಗೆ ಗೊತ್ತಿರಬೇಕು, ಯಾಕೆಂದರೆ ಅವರು ಬರೀ 50 ಹರ್ಟ್ಸ್‌ನಲ್ಲಿ ಓಡಿಸಿ ತೋರಿಸಿ ಹೋಗಿಬಿಡುತ್ತಾರೆ:

1. ಮೋಟರಿನ ವೋಲ್ಟೇಜ್ 230, ಕರೆಂಟ್ ಮಿತಿ ಫಲಕದ ಡೆಲ್ಟಾ ಸಾಲಿನಲ್ಲಿ ಬರೆದಷ್ಟು.
2. ಗರಿಷ್ಠ 50 ಹರ್ಟ್ಸ್, ಕನಿಷ್ಠ 25. ಅದಕ್ಕಿಂತ ಕೆಳಗೆ ಮೋಟರಿನ ಸ್ವಂತ ಫ್ಯಾನು ಗಾಳಿ ಬೀಸುವುದಿಲ್ಲ.
3. ವೇಗ ಏರುವ ಸಮಯ 10 ಸೆಕೆಂಡ್. ನಿಲ್ಲುವುದು ತಾನಾಗಿ ತಿರುಗಿ ನಿಲ್ಲುವಂತೆ.
4. ಶುರುವಿನ ಮೂರು ನಿಮಿಷ 50 ಹರ್ಟ್ಸ್, ಆಮೇಲೆ 25ಕ್ಕೆ ಇಳಿಯಲಿ. ಪಂಪು ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಇದು ಕಡ್ಡಾಯ, ನಿಧಾನ ವೇಗದಲ್ಲಿ ಅದು ನೀರೆತ್ತುವುದಿಲ್ಲ.
5. ಕರೆಂಟ್ ಹೋಗಿ ಬಂದ ಮೇಲೆ 20 ಸೆಕೆಂಡ್ ತಡೆದು ತಾನೇ ಶುರುವಾಗಲಿ.
6. ಟೈಮರ್ ಡ್ರೈವಿನ ಸ್ಟಾರ್ಟ್ ಟರ್ಮಿನಲ್ಲಿಗೆ ಸೇರಲಿ. ಡ್ರೈವಿನ ಮುಖ್ಯ ಕರೆಂಟನ್ನೇ ದಿನಾ ಕಡಿದು ಕೊಡುವುದು, ಡ್ರೈವಿಗೂ ಮೋಟರಿಗೂ ನಡುವೆ ಕಾಂಟ್ಯಾಕ್ಟರ್ ಇಡುವುದು, ಎರಡೂ ಡ್ರೈವಿನ ಆಯಸ್ಸು ತಿನ್ನುತ್ತವೆ.

ಡ್ರೈವ್ ಹಾಕಿದ ಮೇಲೆ ಕರೆಂಟ್ ಸೋರಿದರೆ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಆಗಾಗ ಬಿದ್ದರೆ ಅದನ್ನು ಕಿತ್ತು ಹಾಕುವ ಎಲೆಕ್ಟ್ರಿಷಿಯನ್ನರಿದ್ದಾರೆ. ಒಪ್ಪಬೇಡಿ. ಒದ್ದೆ ಮೈಯಲ್ಲಿ ಮಕ್ಕಳು ಓಡಾಡುವ ಜಾಗ ಅದು. ಡ್ರೈವಿನ ಕೈಪಿಡಿಯಲ್ಲಿ ಯಾವ ಬಗೆಯ ಆರ್‌ಸಿಸಿಬಿ ಹೇಳಿದೆಯೋ ಅದನ್ನು ತರಿಸಿ, ಅರ್ಥಿಂಗ್ ಸರಿ ಮಾಡಿಸಿ.

ನಿಧಾನ ವೇಗದಲ್ಲಿ ಮೂರು ಸಂಗತಿ ಬದಲಾಗುತ್ತವೆ, ತಿಳಿಯದಿದ್ದರೆ "ವಿಎಫ್‌ಡಿ ಹಾಕಿದ ಮೇಲೆ ಕೊಳ ಕೆಟ್ಟಿತು" ಅನ್ನಿಸುತ್ತದೆ. ಒಂದು, ಪ್ರೆಶರ್ ಗೇಜಿನ ಮುಳ್ಳು ತಳದಲ್ಲೇ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡರೂ ಏರಿದ್ದು ಗೊತ್ತಾಗುವುದಿಲ್ಲ. ಗೇಜನ್ನು 50 ಹರ್ಟ್ಸ್‌ನಲ್ಲಿ ಮಾತ್ರ ಓದಿ, ಬ್ಯಾಕ್‌ವಾಶ್ ಕೂಡ 50ರಲ್ಲೇ ಮಾಡಿ. ಎರಡು, ಸ್ಕಿಮ್ಮರಿನ ಎಳೆತ ಕುಂದಿ ಎಲೆಗಳು ಮೂಲೆಯಲ್ಲಿ ನಿಲ್ಲುತ್ತವೆ. ರಾತ್ರಿಯ ಗಾಳಿಗೆ ಬಿದ್ದದ್ದೆಲ್ಲ ಮೇಲೆ ತೇಲುವ ಬೆಳಗಿನ ಆರರಿಂದ ಏಳಕ್ಕೆ ಪೂರ್ತಿ ವೇಗದ ಆ ಒಂದು ತಾಸು ಇಡಿ, ಮಿಕ್ಕ ಎಂಟು ತಾಸು ಒಂಬತ್ತರಿಂದ ಐದರವರೆಗೆ. ತಳದ ಡ್ರೈನಿನ ವಾಲ್ವನ್ನು ತುಸು ಮುಚ್ಚಿದರೆ ಸ್ಕಿಮ್ಮರಿಗೆ ಎಳೆತ ಹೆಚ್ಚುತ್ತದೆ. ಸ್ಕಿಮ್ಮರನ್ನು ಪೂರ್ತಿ ಮುಚ್ಚಿ ಒಂದೇ ಡ್ರೈನಿನ ಮೇಲೆ ಇಡೀ ಎಳೆತ ಬೀಳುವಂತೆ ಮಾತ್ರ ಎಂದೂ ಮಾಡಬಾರದು, ಕೂದಲು, ಕೈ ಸಿಕ್ಕಿಕೊಳ್ಳುತ್ತದೆ. ಮೂರು, ಉಪ್ಪಿನ ಕ್ಲೋರಿನೇಟರ್ ಇದ್ದರೆ ಅದರ ಫ್ಲೋ ಸ್ವಿಚ್ ನೀರು ಸಾಲದೆಂದು ಕಡಿದುಬಿಡಬಹುದು. 25ರಿಂದ ಒಂದೊಂದೇ ಹರ್ಟ್ಸ್ ಏರಿಸುತ್ತ, ಸ್ವಿಚ್ ಕಡಿಯುವುದು ನಿಂತ ಕಡೆಗೆ ಇನ್ನೆರಡು ಸೇರಿಸಿ, ಅದನ್ನೇ ನಿಮ್ಮ ನಿಧಾನ ವೇಗ ಮಾಡಿಕೊಳ್ಳಿ.

ವಿಎಫ್‌ಡಿಗೂ ಮನಸ್ಸಿಲ್ಲ, ಮೋಟರು ಸುಟ್ಟಿದೆ ಎಂದರೆ? ಮೂರನೇ ಸಲ ರಿವೈಂಡ್ ಮಾಡಿಸಬೇಡಿ. ಮುಕ್ಕಾಲು ಎಚ್‌ಪಿಯ ಪಂಪು ತನ್ನಿ. ತಾಸು ಸ್ವಲ್ಪ ಜಾಸ್ತಿ ಓಡಿದರೂ ಪೈಪು, ಫಿಲ್ಟರಿನ ಘರ್ಷಣೆ ಇಳಿಯುವುದರಿಂದ ಸಾವಿರ ಲೀಟರಿನ ಖರ್ಚು ಕಡಿಮೆಯೇ ಬರುತ್ತದೆ.

ಬಿಸಿಲು, ಧೂಳು, ಗಡಸು ನೀರು

ಕೊಳ ಒಮ್ಮೆ ಹಸಿರಾದರೆ ಪಂಪು ಮೂರು ದಿನ ಹಗಲೂ ರಾತ್ರಿ ಓಡಬೇಕು: 100 ಯೂನಿಟ್ ಮೇಲೆ. ತಿಂಗಳ ಉಳಿತಾಯ ಮೂರು ದಿನದಲ್ಲಿ ಖಲಾಸ್. ಹಾಗಾಗಿ ನೀರಿನ ಆರೈಕೆಯೂ ಕರೆಂಟ್ ಲೆಕ್ಕದೊಳಗೇ ಬರುತ್ತದೆ.

ಬಿಸಿಲು ಕ್ಲೋರಿನ್ನನ್ನು ತಿನ್ನುತ್ತದೆ. ಸಯನೂರಿಕ್ ಆ್ಯಸಿಡ್ 30ರಿಂದ 50 ಪಿಪಿಎಂ ಇದ್ದರೆ ಕ್ಲೋರಿನ್ ಸಂಜೆವರೆಗೆ ಉಳಿಯುತ್ತದೆ. ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳಲ್ಲಿ ಅದು ಸೇರಿಯೇ ಇರುತ್ತದೆ, ಆದ್ದರಿಂದ ವರ್ಷವಿಡೀ ಬರೀ ಮಾತ್ರೆ ಹಾಕಿದರೆ ಅದು 100 ದಾಟಿ ಕ್ಲೋರಿನ್ ಇದ್ದೂ ಸತ್ತಂತಾಗುತ್ತದೆ. ಆಗ ಅರ್ಧದಷ್ಟು ನೀರು ಬದಲಿಸದೆ ಗತಿಯಿಲ್ಲ. ಮಾತ್ರೆಯನ್ನೂ ದ್ರವ ಕ್ಲೋರಿನ್ನನ್ನೂ ತಿಂಗಳು ಬಿಟ್ಟು ತಿಂಗಳು ಬಳಸಿ. ಬ್ಲೀಚಿಂಗ್ ಪೌಡರ್ ಗಡಸು ನೀರಿಗೆ ಇನ್ನಷ್ಟು ಸುಣ್ಣ ಸೇರಿಸುತ್ತದೆ, ಬೇಡ. ಅದನ್ನೂ ಟಿಸಿಸಿಎಯನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಯಾವುದೇ ಕ್ಲೋರಿನ್ ಇರಲಿ, ಸೂರ್ಯ ಮುಳುಗಿದ ಮೇಲೆ ಹಾಕಿ ಅರ್ಧ ತಾಸು ಸುತ್ತಿಸಿ.

ಗುಳ್ಳೆ ಹಾಳೆಯ ಹೊದಿಕೆಯನ್ನು ಎಲ್ಲ ಕಡೆ ಶಿಫಾರಸು ಮಾಡುತ್ತಾರೆ. ನಮ್ಮ ಬೇಸಿಗೆಗೆ ಅದು ಒಲೆಯ ಮೇಲಿನ ಮುಚ್ಚಳ. ನೀರು ಸ್ನಾನದ ಹಂಡೆಯಂತಾಗಿ ಪಾಚಿಗೆ ಹಬ್ಬ. ಮಾರ್ಚ್‌ನಿಂದ ಜೂನ್‌ವರೆಗೆ ಅದರ ಬದಲು ಕೊಳದ ಮೇಲೆ 10 ಅಡಿ ಎತ್ತರದಲ್ಲಿ 75 ಪ್ರತಿಶತ ನೆರಳಿನ ಹಸಿರು ಬಲೆ ಕಟ್ಟಿ. ಬಿಸಿಲೂ ಕಡಿಮೆ, ಎಲೆಯೂ ಕಡಿಮೆ. ಗುಳ್ಳೆ ಹಾಳೆಯನ್ನು ದೀಪಾವಳಿ ಕಳೆದ ಮೇಲೆ ಹೊರತೆಗೆದು ಬಳಸಿ.

ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಕಾಲುವೆ ನೀರು ತುಂಬಿಸುವವರಿಗೆ ಒಂದು ಉಪಾಯ. ಮಳೆಗಾಲದ ಕೆಂಪು ನೀರನ್ನು ಫಿಲ್ಟರಿನಿಂದ ಸೋಸಲು ಹೋದರೆ ನಾಲ್ಕೈದು ದಿನ ಪಂಪು ಓಡಬೇಕು. ಬದಲಿಗೆ ಸಾವಿರ ಲೀಟರಿಗೆ 20ರಿಂದ 30 ಗ್ರಾಂ ಪಟಕ, ಅಂದರೆ ಈ ಕೊಳಕ್ಕೆ ಒಂದು ಕೆಜಿ ಸುಮಾರು, ಬಕೆಟ್ ನೀರಿನಲ್ಲಿ ಕರಗಿಸಿ ಸುತ್ತಲೂ ಚೆಲ್ಲಿ. ಮಲ್ಟಿಪೋರ್ಟನ್ನು ಫಿಲ್ಟರ್ ತಪ್ಪಿಸುವ ಸುತ್ತಿನಲ್ಲಿಟ್ಟು 20 ನಿಮಿಷ ಬೆರೆಸಿ ಪಂಪು ನಿಲ್ಲಿಸಿಬಿಡಿ. ರಾತ್ರಿ ಬೆಳಗಾಗುವುದರೊಳಗೆ ಮಣ್ಣು ತಳದಲ್ಲಿ ಕಂಬಳಿಯಂತೆ ಕೂತಿರುತ್ತದೆ. ಕಾಲಿಡದೆ, ಬ್ರಷ್ ಆಡಿಸದೆ, ವ್ಯಾಕ್ಯೂಮ್ ತಲೆಯನ್ನು ಇಂಚಿಂಚೇ ಸರಿಸುತ್ತ ನೇರ ವೇಸ್ಟಿಗೆ ಬಿಡಿ. ಫಿಲ್ಟರ್ ಮೂಲಕ ಎಳೆದರೆ ಪಟಕದ ಲೋಳೆ ಮರಳಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಪಿ.ಎಚ್. ನೋಡಿ, ಪಟಕ ಅದನ್ನು ಇಳಿಸುತ್ತದೆ, 7.2ರಿಂದ 7.6ರ ಒಳಗೆ ತನ್ನಿ.

ದೀಪ, ಜಲಪಾತ

ಹಳೆಯ 300 ವ್ಯಾಟಿನ ಹ್ಯಾಲೋಜನ್ ಎರಡು, ದಿನಕ್ಕೆ ಮೂರು ತಾಸು: 1.8 ಯೂನಿಟ್. ಇಷ್ಟೆಲ್ಲ ಕಷ್ಟಪಟ್ಟು ಪಂಪನ್ನು 3.9ಕ್ಕೆ ಇಳಿಸಿ, ಅದರ ಅರ್ಧದಷ್ಟನ್ನು ದೀಪಕ್ಕೆ ಸುರಿದಂತೆ. 12 ವೋಲ್ಟಿನ 18 ವ್ಯಾಟ್ ಎಲ್‌ಇಡಿ ಹಾಕಿದರೆ 0.1 ಯೂನಿಟ್. ಕೃತಕ ಜಲಪಾತದ ಪಂಪಿಗೆ ಬೇರೆ ಸ್ವಿಚ್ ಇರಲಿ, ನೆಂಟರು ಬಂದಾಗ ಹಾಕಿ.

ಬಿಲ್ಲು, ಸೋಲಾರ್, ಹೊಲದ ಮೀಟರ್

ಗೃಹಜ್ಯೋತಿಯಲ್ಲಿ ಇರುವವರು ನೆನಪಿಡಿ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕು. ಕೊಳಕ್ಕೇ 117 ಯೂನಿಟ್ ಹೋದರೆ ಮನೆಗೆ ಉಳಿಯುವುದು 83. ಸಾಧ್ಯವಿಲ್ಲದ ಮಾತು, ಹಾಗಾಗಿ ಕೊಳದ ಲೆಕ್ಕದಲ್ಲಿ ಗೃಹಜ್ಯೋತಿ ನಂಬಿ ಕೂರಬೇಡಿ.

ಬಿಸಿಲಂತೂ ನಮ್ಮಲ್ಲಿ ದಂಡಿಯಾಗಿದೆ. ಚಾವಣಿಯ ಮೇಲಿನ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ನಾಲ್ಕರಿಂದ ಐದು ಯೂನಿಟ್ ಕೊಡುತ್ತದೆ, ಅಂದರೆ ಪಳಗಿಸಿದ ಕೊಳದ ಪೂರ್ತಿ ಖರ್ಚು. ಪಳಗಿಸದ 15 ಯೂನಿಟ್ಟಿನ ಕೊಳಕ್ಕೆ ಮೂರೂವರೆ ಕಿಲೋವ್ಯಾಟ್ ಬೇಕಾಗುತ್ತಿತ್ತು. ಅದಕ್ಕೇ ಸೋಲಾರ್ ಕೊನೆಗೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರು ಅಥವಾ ಹೆಚ್ಚಿಗೆ ಒಟ್ಟು 78 ಸಾವಿರ ಸಬ್ಸಿಡಿ ಇದೆ. ಹದಿನೈದು ದಿನಕ್ಕೊಮ್ಮೆ ಹಲಗೆ ಒರೆಸಿ, ಮುಂಜಾನೆ ತಂಪಿನಲ್ಲಿ. ಆರ್‌ಒ ಯಂತ್ರದ ಹೊರನೀರಿನಿಂದ ತೊಳೆಯಬೇಡಿ, ಅದು ಬೋರಿನ ನೀರಿಗಿಂತ ಗಡಸು, ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ.

ತೋಟದ ಮನೆಯ ಕೊಳವನ್ನು ಪಂಪ್‌ಸೆಟ್ಟಿನ ಪುಕ್ಕಟೆ ಲೈನಿಗೆ ಸಿಕ್ಕಿಸುವುದು ಉಳಿತಾಯವಲ್ಲ. ಬೇಸಾಯಕ್ಕೆ ಕೊಟ್ಟ ಸಂಪರ್ಕವನ್ನು ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನ್ವಯವಾಗುವ ದರದ ಎರಡರಷ್ಟು ವಸೂಲಿ. ಎಂದಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಸೇರಿಸಿ. ಅಲ್ಲಿಗೆ ಮನೆ ಸಂಪರ್ಕವನ್ನೇ ತೆಗೆದುಕೊಳ್ಳಿ, ಇಲ್ಲವೇ ಹಲಗೆಯಿಂದ ನೇರ ಓಡುವ ಡಿಸಿ ಸೋಲಾರ್ ಪಂಪು ಹಾಕಿ. ಬಿಸಿಲು ಇದ್ದಷ್ಟು ಹೊತ್ತು ಅದು ಓಡುತ್ತದೆ, ವೇಗವೂ ಬಿಸಿಲಿನ ಹಿಂದೆಯೇ ಏರಿಳಿಯುತ್ತದೆ.

ನೀರು ಬಿಸಿ ಮಾಡುವ ಆಸೆ

ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೀರು ಕೊರೆಯುತ್ತದೆ, ನಿಜ. 45 ಸಾವಿರ ಲೀಟರನ್ನು ಒಂದೇ ಒಂದು ಡಿಗ್ರಿ ಏರಿಸಲು ಕಾಯಿಲ್ ಹೀಟರಿನಲ್ಲಿ 52 ಯೂನಿಟ್ ಬೇಕು. ಐದು ಡಿಗ್ರಿಗೆ 260. ಹೀಟ್ ಪಂಪು ಅದನ್ನೇ ಐದನೇ ಒಂದರಲ್ಲಿ ಮಾಡುತ್ತದೆ, ಆದರೂ ವರ್ಷದಲ್ಲಿ ಎರಡು ತಿಂಗಳಿಗೆ ಅಷ್ಟು ಬಂಡವಾಳ ಯಾಕೆ? ಸಂಜೆ ಐದಕ್ಕೆ ಗುಳ್ಳೆ ಹಾಳೆ ಹೊದಿಸಿ, ಬೆಳಗ್ಗೆ ಹತ್ತರವರೆಗೆ ತೆಗೆಯಬೇಡಿ. ರಾತ್ರಿ ಆವಿಯಾಗಿ ಹೋಗುವ ಶಾಖ ಒಳಗೇ ಉಳಿಯುತ್ತದೆ. ಹಾಳೆಯ ಗುಳ್ಳೆ ಬದಿ ನೀರಿಗೆ ತಾಗಿರಬೇಕು, ನುಣುಪು ಬದಿ ಮೇಲೆ. ಹಾಳೆ ಹೊದ್ದ ಕೊಳಕ್ಕೆ ಯಾರನ್ನೂ ಇಳಿಯಗೊಡಬೇಡಿ; ಮಕ್ಕಳಿರುವ ಮನೆಯಲ್ಲಿ ಆ ಹೊತ್ತು ಗೇಟಿಗೆ ಬೀಗ ಇರಲಿ.